ನಾಲ್ಕು ಬೆರಳು ಎತ್ತರ

ಗಂಡನಿಗಿಂತ ನಾನು ನಾಲ್ಕು ಬೆರಳು ಎತ್ತರ. ಮದುವೆಯಾಗಿ ಕಿರಂಗೂರಿಗೆ ಬಂದ ವಾರದಲ್ಲೇ ಅತ್ತೆ ಪಕ್ಕಕ್ಕೆ ಕರೆದು, "ಒಸಿ ಬಗ್ಗಿ ನಡಿ ಕಣವ್ವ. ನನ್ಮಗ ಕುಳ್ಳ ಕಂಡಂಗಾಯ್ತದೆ" ಅಂದರು. ಬಗ್ಗಿದೆ. ಇಪ್ಪತ್ತು ವರ್ಷ ಬಗ್ಗಿಯೇ ನಡೆದೆ. ಉಳಿದ ಹೊತ್ತೆಲ್ಲ ಹೊಲಿಗೆ ಮಷಿನ್ನಿನ ಮೇಲೆ ಬಗ್ಗಿರುತ್ತಿದ್ದೆ. ಊರಿನ ಅರ್ಧ ರವಿಕೆಗಳು ನನ್ನದೇ ಹೊಲಿಗೆ.

ಹೋದ ವರ್ಷ ಬಲಗೈ ಜೋಮು ಹಿಡಿಯತೊಡಗಿತು. ಸೂಜಿ ಬೆರಳಲ್ಲಿ ನಿಲ್ಲದೆ ಜಾರುತ್ತಿತ್ತು. ಡಾಕ್ಟರು ಕತ್ತಿನ ಎಕ್ಸ್‌ರೇ ನೋಡಿ, ಬರೀ ಮಾತ್ರೆಗೆ ಇದು ಬಗ್ಗುವುದಿಲ್ಲವೆಂದು ಶ್ರೀರಂಗಪಟ್ಟಣದಲ್ಲಿ ಫಿಜಿಯೋಥೆರಪಿ ಮಾಡುವ ಹೆಂಗಸೊಬ್ಬರ ಹತ್ತಿರ ಕಳಿಸಿದರು.

ಆಕೆ ಮುಸ್ಲಿಂ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಚಿಕ್ಕವರು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಹಿಮ್ಮಡಿ ತಾಗಿತು, ಸೊಂಟ ತಾಗಿತು. ತಲೆ ಮಾತ್ರ ಗೋಡೆಯಿಂದ ಗೇಣು ದೂರ.

"ಯಾ ಅಲ್ಲಾ! ಯಾರ್ಗೆ ಹೆದ್ರಿ ಇಷ್ಟು ಮುದುರ್ಕೊಂಡಿದ್ದೀರಾ ಆಂಟಿ?"

ಬೋರಲು ಮಲಗಿಸಿ, ಹೆಗಲ ಮೂಳೆಯ ಪಕ್ಕ ಮೊಣಕೈ ಊರಿ ಮೆಲ್ಲಗೆ ಒತ್ತುತ್ತಾ ಹೋದರು. ಕಣ್ಣೀರು ಸುರಿಯಿತು.

"ಅಳಿ, ಪರ್ವಾಗಿಲ್ಲ. ಉಸ್ರು ಮಾತ್ರ ಕಟ್ಬೇಡಿ."

ಅತ್ತಿದ್ದು ನೋವಿಗಿಂತ ಸಿಟ್ಟಿಗೇ ಅನಿಸುತ್ತದೆ.

ಎರಡು ತಿಂಗಳು ಪ್ರತಿ ಸೋಮವಾರ ಹೋದೆ. ಕೊನೆಗೊಂದು ದಿನ ತಲೆ ಗೋಡೆಗೆ ತಾಗಿತು. ಅಂದು ಬಸ್ಸಿಳಿದು ನೆಟ್ಟಗೆ ಮನೆಗೆ ನಡೆದು ಬಂದೆ. ಅತ್ತೆ ಜಗಲಿಯಲ್ಲೇ ಕೂತಿದ್ದರು.

"ಇದೇನವ್ವ, ಪೊಲೀಸ್ನಂಗೆ ಸೆಟ್ಕೊಂಡು ಬತ್ತಾ ಇದ್ದೀಯ?"

"ಇಪ್ಪತ್ತೊರ್ಸ ಬಗ್ಗುದ್ನಲ್ಲ ಅತ್ತೆಮ್ಮ, ನಿಮ್ಮಗ ಒಂದ್ ಬೆರ್ಳಾದ್ರೂ ಬೆಳುದ್ರಾ? ಇನ್ಮೇಲೆ ಬಗ್ಗಕಿಲ್ಲ."



ಆ ತಿಂಗಳೇ ಪಾಂಡವಪುರದಲ್ಲಿ ನೆಂಟರ ಮದುವೆ. ವಧೂವರರ ಪಕ್ಕ ಫೋಟೋಗೆ ನಿಂತಾಗ ಗಂಡ ಪಿಸುಗುಟ್ಟಿದರು: "ಒಸಿ ಮಂಡಿ ಬಗ್ಸೆ."

"ಆಗಕಿಲ್ಲ ಕಣ್ರೀ. ಈ ಬೆನ್ನ ಕಷ್ಟಪಟ್ಟು ವಾಪಸ್ ತಕಂಡಿವ್ನಿ."

ಮೂರು ದಿನ ಮಾತು ಬಿಟ್ಟರು. ನಾನೂ ಮಾತಾಡಿಸಲು ಹೋಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವರೇ ಹಿತ್ತಲಿಂದ ಇಟ್ಟಿಗೆಗಳನ್ನು ತಂದು, ಮಷಿನ್ನಿನ ಮೇಜಿನ ನಾಲ್ಕು ಕಾಲಿನಡಿಗೂ ಇಟ್ಟರು. ಮೇಜು ಎತ್ತರವಾಗಬೇಕೆಂದು ಶ್ರೀರಂಗಪಟ್ಟಣದಾಕೆ ಹೇಳಿದ್ದನ್ನು ನಾನು ಎಂದೋ ಅವರಿಗೆ ಹೇಳಿದ್ದೆ.

"ಈಗ ಸರಿ ಹೋಯ್ತಾ ನೋಡು" ಅಂದರು, ನನ್ನ ಕಡೆ ತಿರುಗದೆ.

ಕೂತು ನೋಡಿದೆ. "ಇನ್ನೊಂದೊಂದ್ ಇಟ್ಗೆ ಬೇಕು" ಅಂದೆ. ತಂದರು.