ಮಲ್ಲಮ್ಮನ ಕುರಿಗಳ ಸರದಿ

"ನಿಮಗ ಕನ್ನಡ ಬರ್ತದೇನ್ರಿ?"

ಬಸವಕಲ್ಯಾಣದಲ್ಲಿ ನನಗೆ ಮನೆ ಕೊಟ್ಟ ಶಾಂತಾಬಾಯಿ ಕೇಳಿದ ಮೊದಲ ಪ್ರಶ್ನೆ ಇದು. ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಜಗಳವಾಡಿ ಬೆಳೆದವಳನ್ನು ಹೀಗೆ ಕೇಳಿದರೆ ಏನು ಹೇಳುವುದು? ಅವರು ಖೋಲಿ ಎಂದದ್ದು ಕೋಣೆಯನ್ನು ಎಂದು ತಿಳಿಯಲು ನನಗೂ ಹೊತ್ತು ಹಿಡಿಯಿತು. ಒಂದೇ ರಾಜ್ಯದೊಳಗೆ ಪರದೇಶಿಯಾಗಬಹುದೆಂದು ತೊಂಬತ್ತರ ದಶಕದ ಕೊನೆಯ ಆ ಮಧ್ಯಾಹ್ನ ಗೊತ್ತಾಯಿತು.

ಮೈಸೂರಿನಲ್ಲಿ ಅನ್ನ ನುಂಗಿ ರೂಢಿಯಾದ ದವಡೆಗೆ ಇಲ್ಲಿಯ ಕಟಕ ರೊಟ್ಟಿ ವಾರವಿಡೀ ನೋವು ಕೊಟ್ಟಿತು. ಪುಂಡಿಪಲ್ಯದ ಹುಳಿಗೆ ಮಾತ್ರ ಮೊದಲ ತುತ್ತಿಗೇ ಸೋತೆ. ತರಕಾರಿಯವನ ದಖ್ಖನಿ ಉರ್ದುವಿಗೆ ದಖ್ಖನಿಯಲ್ಲೇ ಉತ್ತರ ಕೊಟ್ಟ ದಿನ ಯುದ್ಧ ಗೆದ್ದವಳಂತೆ ಮನೆಗೆ ಬಂದೆ. ಭಾನುವಾರಗಳು ಮಾತ್ರ ಮುಗಿಯುತ್ತಿರಲಿಲ್ಲ. ಹುಮನಾಬಾದ್ ನಿಲ್ದಾಣಕ್ಕೆ ಹೋಗಿ, ದಕ್ಷಿಣಕ್ಕೆ ಹೊರಟ ಬಸ್ಸುಗಳ ಬೋರ್ಡು ಓದಿ ವಾಪಸಾಗುತ್ತಿದ್ದೆ.

ನನ್ನನ್ನು ಇಲ್ಲಿಗೆ ಕಳಿಸಿದವರು ಮೈಸೂರಿನಲ್ಲಿ ನನಗೆ ಕಲಿಸಿದ ಮೇಷ್ಟ್ರು. ಸಂಕೀರ್ಣ ವ್ಯವಸ್ಥೆಗಳನ್ನು ಕುರಿತ ಅವರ ಪಾಠವನ್ನು ನಮ್ಮೂರಿನ ಹಲವರು ಕೇಳಿದ್ದಾರೆ. "ಯಾರೂ ಆಜ್ಞೆ ಕೊಡದ ಕಡೆಯೂ ಶಿಸ್ತು ಇರುತ್ತೆ. ಕಾಣದಿದ್ದರೆ ತಪ್ಪು ನಮ್ಮ ಕಣ್ಣಿನದು," ಎನ್ನುತ್ತಿದ್ದರು. ಆ ಮಾತು ನಂಬಿಯೇ ಗಂಟುಮೂಟೆ ಕಟ್ಟಿದ್ದೆ. ಸರ್ಕಾರದ ಯೋಜನೆಗಳು ಹಳ್ಳಿಯ ಇಂಥ ಶಿಸ್ತನ್ನು ಕೆಡಿಸದಂತೆ ಮಾಡಲು ಅದರ ನಕ್ಷೆ ಬರೆಯುವುದು ನನ್ನ ಕೆಲಸವಾಗಿತ್ತು.

ಸುಗ್ಗಿ ಮುಗಿದ ಹೊಲದಲ್ಲಿ ಇಲ್ಲಿ ಕುರಿ ಕುಂದರಿಸುತ್ತಾರೆ. ಹಿಂಡು ಕೆಲವು ದಿನ ಹೊಲದಲ್ಲೇ ತಂಗುತ್ತದೆ. ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಜೋಳ. ಘಾಟಬೋರಾಳದ ಬಳಿ ಸಿಕ್ಕ ಮಲ್ಲಮ್ಮ ಪಕ್ಕದ ಹೊಲ ಬಿಟ್ಟು ಎರಡು ಮೈಲಿ ಆಚೆಗೆ ಹಿಂಡು ಹೊಡೆದುಕೊಂಡು ಹೊರಟಿದ್ದಳು. ಯಾಕೆಂದು ಕೇಳಿದೆ.

"ಹ್ವಾದ ವರ್ಷ ಆಚಿ ಹೊಲದವರ ಸರದಿ ತಪ್ಪಿತ್ತಲ್ಲ, ಈ ಸಲ ಮೊದಲ ಅವರದೇ."

"ಎಲ್ಲಿ ಬರೆದಿಟ್ಟಿದ್ದೀರಿ?"

"ಬರಿಯೋದು ಯಾಕ? ಮರಿಯೋರು ಯಾರದಾರ?"

"ನಡುವೆ ಮಳೆ ಬಂದರೆ?"

"ಹಸಿ ಎರಿ ಮಣ್ಣಾಗ ಕುರಿ ನಿಂದ್ರಂಗಿಲ್ಲ ತಂಗಿ, ಕಾಲು ಕೊಳೀತಾವ. ಎತ್ತರದ ಕಲ್ಲಿನ ಮಡ್ಡಿಗೆ ಹೋಗ್ತೀವಿ. ಹೊಲದವರು ಕಾಯ್ತಾರ."

ಎರಡು ಬೇಸಿಗೆ ಅವಳ ಹಿಂದೆ ಅಲೆದೆ. ಮಳೆ, ಮಣ್ಣು, ನೆನಪು, ಮಾತು ಒಂದನ್ನೊಂದು ತಿದ್ದಿಕೊಳ್ಳುವುದನ್ನು ಹಿಂಡು ಹೊಲಗಳ ಹೆಸರು ಸಮೇತ ವೃತ್ತಗಳಲ್ಲಿ ಬರೆದೆ. ಓದು ಬಾರದ ಮಲ್ಲಮ್ಮ ನಕ್ಷೆಯ ಮೇಲೆ ಬೆರಳಿಟ್ಟು ನನ್ನ ತಪ್ಪು ತೋರಿಸಿದಳು. "ಇಷ್ಟೆಲ್ಲಾ ಯಾಕ ಕೇಳಾಕತ್ತೀ?" ಎಂದಳು. ಇದಕ್ಕೆ ಯಾರೂ ಕೈ ಹಾಕದಿರಲಿ ಎಂದು ಕೇಳುತ್ತಿದ್ದೇನೆ ಅಂದೆ. ಮಾತು ಕೊಟ್ಟೆ. ತಿದ್ದಿದ ನಕ್ಷೆಯನ್ನು ಮೇಷ್ಟ್ರಿಗೆ ಕಳಿಸಿದೆ.

ಮರುವರ್ಷ ಚಾವಡಿಯ ಗೋಡೆಯ ಮೇಲೆ ಪಟ್ಟಿಯೊಂದು ಬಂತು. ಯಾವ ಹಿಂಡು, ಯಾವ ಹೊಲ, ಯಾವ ತಾರೀಖು. ಹೊಲದವರಿಗೂ ಕುರಿಯವರಿಗೂ ತಾರೀಖು ಬರೆದ ಸರದಿ ಚೀಟಿ; ಅದನ್ನು ತಪ್ಪಿಸಿದ ಹಿಂಡಿಗೆ ಸರ್ಕಾರದ ಲಸಿಕೆ ಇಲ್ಲ. ಹೆಸರುಗಳೆಲ್ಲ ನನ್ನ ನಕ್ಷೆಯವು. ಕೆಳಗೆ ಯೋಜನೆಯ ಸಲಹೆಗಾರರೆಂದು ಮೇಷ್ಟ್ರ ಹೆಸರು. ಕೂಡಲೇ ಅವರಿಗೆ ಫೋನ್ ಮಾಡಿದೆ.

"ಮೇಲಿನವರಿಗೆ ವೃತ್ತ ಬೇಡ ಕಣಮ್ಮ, ಪಟ್ಟಿ ಬೇಕು," ಎಂದರು, ಹವಾಮಾನದ ಬಗ್ಗೆ ಹೇಳುವಷ್ಟು ಸಲೀಸಾಗಿ. "ನಿನಗೂ ಹೆಸರು ಬರುತ್ತೆ ಬಿಡು."

ಆ ಬೇಸಿಗೆ ಅಕಾಲದಲ್ಲಿ ಮಳೆ ಸುರಿಯಿತು. ಮೊದಲು ಕಾಯುತ್ತಿದ್ದ ಹೊಲದವರೇ ಈಗ ಚೀಟಿ ಹಿಡಿದು ನಿಂತರು. ತಾರೀಖು ಹೋದರೆ ತಮ್ಮ ಸರದಿಯೂ ಹೋಗುತ್ತದೆಂಬ ಭಯ ಅವರಿಗೆ. ಲಸಿಕೆ ತಪ್ಪೀತೆಂದು ಮಲ್ಲಮ್ಮ ಹಿಂಡನ್ನು ಕೆಸರಿನಲ್ಲೇ ನಿಲ್ಲಿಸಿದಳು. ಕಾಲು ಕೊಳೆತು ಹನ್ನೊಂದು ಕುರಿ ಸತ್ತವು. ನಾನು ಹೋದಾಗ ಅವಳು ಬೈಯಲಿಲ್ಲ. "ನೀನೇ ಬರಕೊಂಡು ಹ್ವಾದಿ," ಎಂದಷ್ಟೇ ಹೇಳಿ ಕುರಿಯ ಗೊರಸಿಗೆ ಅರಿಶಿನ ಹಚ್ಚತೊಡಗಿದಳು. ನನಗೆ ಮೇಷ್ಟ್ರು ಮೋಸ ಮಾಡಿದರೆಂದು ಅಳುತ್ತ ಬಂದಿದ್ದೆ. ಅದನ್ನು ಅಲ್ಲೇ ಬಿಟ್ಟು, ಅವಳು ಅರಿಶಿನ ಹಚ್ಚಲೆಂದು ಕುರಿಯ ಕಾಲು ಹಿಡಿದುಕೊಂಡೆ.

ಆ ಕೆಲಸ ಬಿಟ್ಟೆ. ಮೈಸೂರಿಗೆ ಮರಳಿ ಅವರ ಮುಖ ನೋಡಲು ಮನಸ್ಸಾಗದೆ, ಬಸವಕಲ್ಯಾಣದಲ್ಲೇ ಪಾಠ ಹೇಳಿಕೊಂಡು ಉಳಿದೆ. ಮುಂದಿನ ಸುಗ್ಗಿಯ ನಂತರ ಸಂತೆಯಲ್ಲಿ ಮಲ್ಲಮ್ಮ ಸಿಕ್ಕಳು. ಈ ಸಲ ಯಾವ ಕಡೆ ಎಂದು ಸುಮ್ಮನೆ ಕೇಳಿದೆ.

"ಬೇಮಳಖೇಡದ ಕಡಿ ಹೋಗಾಕತ್ತೀವಿ ತಂಗಿ."

ಎರಡು ದಿನದ ಮೇಲೆ ಬಸ್ಸಿನ ಕಿಟಕಿಯಿಂದ ಅವಳ ಹಿಂಡು ಕಂಡಿತು, ಬೇಮಳಖೇಡದಿಂದ ಬಲು ದೂರದ ಘಾಟಬೋರಾಳದ ಹೊಲವೊಂದರಲ್ಲಿ. ಅವಳೂ ನನ್ನನ್ನು ನೋಡಿದಳು, ನೋಡಿ ಕುರಿಗಳ ಕಡೆ ತಿರುಗಿದಳು. ಸುಳ್ಳು ಹೇಳಿದ್ದಳು, ಬರೆದುಕೊಂಡು ಹೋದವಳಿಗೆ ಹೇಳಬೇಕಾದ್ದೇ ಎಂದೂ ಅನ್ನಿಸಿತು.

ಅದೇ ವಾರ ಶಾಂತಾಬಾಯಿಯ ಫೋನಿಗೆ ಮೇಷ್ಟ್ರ ಕರೆ ಬಂತು. ಆ ದನಿ ಕೇಳಿದೊಡನೆ, ಇಷ್ಟಾದ ಮೇಲೂ, ಮನೆಯವರ ದನಿ ಕೇಳಿದಂತಾಯಿತು. ಚೀಟಿ ತಪ್ಪಿಸುವ ಹಿಂಡುಗಳನ್ನು ಯೋಜನೆಯವರು ಹುಡುಕುತ್ತಿದ್ದಾರಂತೆ. "ಆ ಮಲ್ಲಮ್ಮ ಈಗ ಎಲ್ಲಿದ್ದಾಳಮ್ಮ?"

"ಬೇಮಳಖೇಡದ ಕಡೆ, ಸಾರ್," ಎಂದೆ.

ಹೀಗೆ ಹೇಳಿದೆನೆಂದು ಮಲ್ಲಮ್ಮನಿಗೆ ಇವತ್ತಿಗೂ ತಿಳಿಸಿಲ್ಲ. ತಿಳಿಸಿದರೆ ಅವಳು ನಂಬುತ್ತಾಳೆಂಬ ಧೈರ್ಯ ನನಗಿಲ್ಲ.