ಸದ್ದಿಲ್ಲದ ತಟ್ಟಡವು

ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಊಟ ಮಾಡಿ ಅಡ್ಡಾಗುವ ಹೊತ್ತಿಗೆ ನಾನು ಸೀರೆ ಬಿಗಿದು ಫೋನಿನ ಮುಂದೆ ನಿಲ್ಲುತ್ತೇನೆ. ಭರತನಾಟ್ಯ ಕಲಿಸುವುದು ನನ್ನ ಕೆಲಸ. ವಾರದ ದಿನಗಳಲ್ಲಿ ಪುತ್ತೂರು, ನಡುವೆ ಒಂದು ದಿನ ಕಡಬ, ಶನಿವಾರ ಸುಳ್ಯ. ಭಾನುವಾರ ಪರದೇಶದ ಮಕ್ಕಳಿಗೆ. ಅಲ್ಲಿನ ಸದ್ದು ಇಲ್ಲಿಗೆ ತಡವಾಗಿ ಬರುತ್ತದೆ. ನಾನು ತಾಳಕ್ಕೆ ಕೋಲು ತಟ್ಟಿದರೆ ಮಸ್ಕತ್ತಿನ ಹೆಜ್ಜೆ ಒಮ್ಮೆ, ಜರ್ಮನಿಯ ಹೆಜ್ಜೆ ಇನ್ನೊಮ್ಮೆ ಬಂದು ಬಿದ್ದು ಮೀನು ಮಾರ್ಕೆಟ್ಟಿನ ಗದ್ದಲವಾಗುತ್ತದೆ. ಹಾಗಾಗಿ ಎಲ್ಲರನ್ನೂ ಮ್ಯೂಟ್ ಮಾಡಿಸಿ, ಬರೀ ಕಣ್ಣಲ್ಲಿ ನೋಡಿ ತಿದ್ದುತ್ತೇನೆ.

'ಹೊರದೇಶದಲ್ಲೂ ನಮ್ಮ ಪರಂಪರೆ ಉಳಿಸ್ತಾ ಇದ್ದೀರಿ' ಎಂದು ಶಾಲು ಹೊದೆಸಿ ಹೇಳುವವರಿದ್ದಾರೆ. ಭರಣಿಯಲ್ಲಿ ಹಾಕಿ ಉಳಿಸಲು ಇದೇನು ಉಪ್ಪಿನಕಾಯಿಯೇ? ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದೇವರ ಮುಂದೆ ಮಾಡುವ ನೃತ್ಯ ಉಳಿಯಬೇಕಾದರೆ ಮೊದಲು ಕಾಲು ನೆಲಕ್ಕೆ ಸರಿಯಾಗಿ ಬೀಳಬೇಕು.

ಜರ್ಮನಿಯ ಹುಡುಗಿಯ ಅಮ್ಮ ಸಂಪಾಜೆಯವಳು, ನನ್ನದೇ ಹಳೆಯ ಶಿಷ್ಯೆ. ಹುಡುಗಿಯಾಗಿದ್ದಾಗ ಅವಳು ಅಂಗಾಲಿನಿಂದ ನೆಲ ತಟ್ಟುವ ಮೊದಲ ಪಾಠ, ತಟ್ಟಡವು ಮಾಡಿದರೆ ಗೋಡೆಯ ಗಡಿಯಾರ ನಡುಗುತ್ತಿತ್ತು. ಅಂಥವಳ ಮಗಳು. ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿ ಚಂದ, ಕೈ ಚಂದ, ಕಣ್ಣು ಅದಕ್ಕಿಂತ ಚಂದ. ಈ ಸಲ ರಜೆಗೆ ಬಂದಾಗ ಗೆಜ್ಜೆಪೂಜೆ ಮಾಡಿಸುವುದೆಂದು ನಿಶ್ಚಯವಾಯಿತು. ದೇವರ ಮುಂದೆ ಗೆಜ್ಜೆಯಿಟ್ಟು ಪೂಜಿಸಿ, ಮೊದಲ ಬಾರಿ ಕಾಲಿಗೆ ಕಟ್ಟಿಕೊಂಡು ಕುಣಿಯುವ ದಿನ ಅದು. ಸಂಪಾಜೆಯಲ್ಲಿ ಅವರ ಮನೆ ಪಕ್ಕದ ದೇವಸ್ಥಾನದಲ್ಲಿ ಏರ್ಪಾಟಾಗಿ, ನೆಂಟರಿಗೆಲ್ಲ ಹೇಳಿಕೆಯೂ ಹೋಯಿತು.

ಆದರೆ ನಮ್ಮ ಗುರುಗಳ ಕಾಲದಿಂದ ಒಂದು ಕಟ್ಟಳೆ ಉಂಟು. ಗೆಜ್ಜೆ ಕೊಡುವ ಮೊದಲು ಟೀಚರ್ ಕಣ್ಣು ಮುಚ್ಚಿ ಕೂತು ಬರಿಗಾಲಿನ ಸದ್ದು ಕೇಳಬೇಕು. ಕೋಲಿನ ಜೊತೆ ಕಾಲು ನುಡಿದರೆ ಗೆಜ್ಜೆ. ಇಲ್ಲದಿದ್ದರೆ ಇಲ್ಲ. ಗೆಜ್ಜೆ ಕಟ್ಟಿದ ಮೇಲೆ ಎಂಥ ಕಾಲೂ ಝಲ್ ಎನ್ನುತ್ತದೆ, ಒಳಗಿನ ತಪ್ಪು ಕೇಳುವುದೇ ಇಲ್ಲ.

ಪುತ್ತೂರಿನಲ್ಲಿ ನನ್ನ ಕ್ಲಾಸು ಒಂದು ಬೇಕರಿಯ ಮಾಳಿಗೆಯಲ್ಲಿದೆ. ತಾಯಿ ಮಗಳು ಅಲ್ಲಿಗೆ ಬಂದರು. ನಾನು ಕಣ್ಣು ಮುಚ್ಚಿ ಕೋಲು ತಟ್ಟಿದೆ. ತೈಯಾ ತೈ. ಸದ್ದಿಲ್ಲ. ಇನ್ನೂ ಶುರು ಮಾಡಿಲ್ಲವೆಂದುಕೊಂಡು 'ಮಾಡು ಮಗಾ' ಎಂದೆ.

'ಮಾಡ್ತಾ ಇದ್ದೇನೆ ಟೀಚರ್.'

ಕಣ್ಣು ಬಿಟ್ಟೆ. ನಿಜವಾಗಿಯೂ ಮಾಡುತ್ತಿದ್ದಳು. ಅಂಗಾಲು ಪೂರ್ತಿ ಏಳುತ್ತಿತ್ತು, ತಾಳಕ್ಕೆ ಸರಿಯಾಗಿ ಇಳಿಯುತ್ತಿತ್ತು, ನೆಲಕ್ಕೆ ತಾಗುವ ಕ್ಷಣದಲ್ಲಿ ಮಾತ್ರ ಬೆಕ್ಕಿನ ಹಾಗೆ ಮೆತ್ತಗಾಗುತ್ತಿತ್ತು. ಇದು ಅಭ್ಯಾಸ ಇಲ್ಲದ ಕಾಲಲ್ಲ. ಸದ್ದು ಮಾಡದ ಹಾಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದ ಕಾಲು.

'ಎಂತ ಮಾರಾಯ್ತಿ ಇದು?' ಎಂದು ಅವಳ ಅಮ್ಮನನ್ನು ಕೇಳಿದೆ.

'ಎಂತ ಮಾಡುದು ಟೀಚರ್? ಅಲ್ಲಿ ಭಾನುವಾರ ಸದ್ದು ಮಾಡ್ಲಿಕ್ಕೆ ಇಲ್ಲ. ನಿಮ್ಮ ಕ್ಲಾಸ್ ಇರುದೇ ಭಾನುವಾರ. ಕೆಳಗಿನ ಮನೆಯ ಅಜ್ಜಿ ಪೊರಕೆ ಕೋಲಿನಲ್ಲಿ ಅವರ ಮಾಡಿಗೆ, ನಮ್ಮ ಕಾಲಡಿಗೇ ಕುಟ್ತಾರೆ. ನಾನು ಹಾಸಿಗೆ ಹಾಸಿ ಅದರ ಮೇಲೆ ಮಾಡಿಸಿದೆ. ಮೆಲ್ಲ, ಮೆಲ್ಲ ಅಂತ ನಾನೇ ಹೇಳಿಕೊಟ್ಟದ್ದು.'

ಹುಡುಗಿ ನಮ್ಮಿಬ್ಬರ ಮುಖ ನೋಡಿ ಹೇಳಿದಳು: 'ನಾನು ದಿನಾ ಶುರುವಲ್ಲಿ ಸಾರಿ ಕೇಳ್ತೇನಲ್ಲ ಟೀಚರ್, ಆ ಅಜ್ಜಿಗೆ.'

ನೃತ್ಯಕ್ಕೆ ಮೊದಲು ಮಾಡುವ ಭೂಮಿ ನಮಸ್ಕಾರ ಅದು. ತುಳಿಯುತ್ತೇನೆ, ಕ್ಷಮಿಸು ಎಂದು ಭೂಮಿಯನ್ನು ಮುಟ್ಟಿ ಕೇಳಿಕೊಳ್ಳುವುದು. ಈ ಕೂಸು ಇಷ್ಟು ದಿನ ಅದನ್ನು ಕೆಳಗಿನ ಮನೆಯ ಅಜ್ಜಿಗೆ ಮಾಡುತ್ತಿತ್ತು. ನಗು ಬಂತು, ಆದರೂ ಕೋಲನ್ನು ಪಕ್ಕಕ್ಕಿಟ್ಟೆ.

'ನಿನ್ನ ಕಾಲಿನ ಸದ್ದು ಕೇಳದೆ ನಾನು ಗೆಜ್ಜೆ ಕೊಡುದಿಲ್ಲ' ಎಂದೆ. ಅಮ್ಮನ ಮುಖ ಕಪ್ಪಿಟ್ಟಿತು. ಹುಡುಗಿ ಅಳಲಿಲ್ಲ, ತನ್ನ ಕಾಲನ್ನೇ ನೋಡುತ್ತ ನಿಂತಳು. ಅಳುವುದಕ್ಕಿಂತ ಅದೇ ಕಷ್ಟವಾಯಿತು ನನಗೆ.

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಗಟ್ಟಿ ತಟ್ಟು ಎಂದರೆ ಮೈಯೆಲ್ಲ ಗಟ್ಟಿ ಮಾಡುತ್ತಾಳೆ, ಕಾಲು ಮಾತ್ರ ಮೆತ್ತಗೆ. ನಾನು ಗದರಿದೆ, ಮುದ್ದು ಮಾಡಿದೆ, ಪುನಃ ಗದರಿದೆ. ಕೊನೆಗೆ ಅವಳೇ ಸಣ್ಣ ದನಿಯಲ್ಲಿ ಕೇಳಿದಳು: 'ಇಲ್ಲಿ ಕೆಳಗೆ ಯಾರಿದ್ದಾರೆ ಟೀಚರ್?'

ಅಯ್ಯೋ ನನ್ನ ಮಂಡೆಯೇ! ಮಾಳಿಗೆಯಲ್ಲಿ ನಿಲ್ಲಿಸಿ ಸದ್ದು ಮಾಡು ಎಂದರೆ ಈ ಮಗು ಹೇಗೆ ಮಾಡೀತು? ಕೈಹಿಡಿದು ಕೆಳಗೆ ಕರೆದುಕೊಂಡು ಹೋದೆ. ಬೇಕರಿಯವರು ನಮ್ಮ ಕಡೆಯ ಬ್ಯಾರಿ ಮುಸ್ಲಿಮರು, ವಯಸ್ಸಾದವರು. ನನ್ನ ಕ್ಲಾಸಿನ ಮಕ್ಕಳಿಗೆಲ್ಲ ಕಾಕ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು, 'ಎಂತ ಟೀಚರೇ, ಕ್ಲಾಸಿಗೆ ರಜೆಯಾ? ಮೇಲೆ ಸದ್ದೇ ಇಲ್ಲ.'

'ಸದ್ದಾದರೆ ನಿಮಗೆ ತೊಂದರೆ ಅಂತ ಇವಳಿಗೆ ಹೆದರಿಕೆ.'

'ತೊಂದರೆಯಾ? ಮಗಳೇ, ಕೊನೆಯ ಪಾಠದಲ್ಲಿ ಎಲ್ಲರೂ ಒಟ್ಟಿಗೆ ಕುಣಿಯುವಾಗ ನಾನು ಚಾಯಕ್ಕೆ ನೀರಿಡುದು. ಮಕ್ಕಳು ಇಳಿದು ಬರುವಾಗ ಬನ್ನು ಬಿಸಿ ಇರ್ಬೇಕಲ್ಲ. ನೀನು ಸದ್ದು ಮಾಡದಿದ್ದರೆ ನನಗೆ ಗೊತ್ತಾಗುದು ಹೇಗೆ?' ಎಂದು ಅವಳ ಕೈಗೊಂದು ಬನ್ನು ಕೊಟ್ಟರು.

ನಾನು ಬೇಕರಿಯ ಬೆಂಚಿನಲ್ಲೇ ಕೂತೆ. 'ಇವತ್ತು ನಾನು ಇಲ್ಲಿಂದಲೇ ಕೇಳುದು. ಕೋಲು ನಿನ್ನ ಅಮ್ಮ ತಟ್ಟಲಿ, ಹೋಗು' ಎಂದು ಕಳಿಸಿ ಕಣ್ಣು ಮುಚ್ಚಿದೆ. ಮೊದಲು ಕೋಲು ಮಾತ್ರ ಕೇಳಿಸಿತು. ಆಮೇಲೆ ಯಾರೋ ಬಾಗಿಲು ತಟ್ಟುತ್ತಿರುವ ಹಾಗೆ ಅಳುಕುತ್ತಾ ಒಂದು ಹೆಜ್ಜೆ. ಇನ್ನೊಂದು. ನಿಧಾನಕ್ಕೆ ಕಾಲೂ ಕೋಲೂ ಒಂದಾದವು. ಅಷ್ಟರಲ್ಲಿ ಕಾಕ ಖುಷಿಯಾಗಿ, ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಮಾಡಿಗೆ ಟಕಟಕ ಕುಟ್ಟಿಬಿಟ್ಟರು.

ಮೇಲೆ ಎಲ್ಲ ನಿಂತುಹೋಯಿತು.

'ಎಂತ ಮಾಡಿದಿರಿ ಮಾರಾಯ್ರೆ!' ಎಂದು ನಾನು ಕಿರುಚಿದೆ. ಪಾಪ, ಅವರಿಗೇನು ಗೊತ್ತು. ಮೆಟ್ಟಿಲು ಹತ್ತಲು ಎದ್ದೆ. ಆಗ ಮೇಲಿನಿಂದ ಧಡ್ ಎಂದು ಒಂದು ಸದ್ದು ಬಂತು. ಅದು ಹುಡುಗಿಯ ಕಾಲಲ್ಲ. ಆ ಕಾಲು ನನಗೆ ಚೆನ್ನಾಗಿ ಗೊತ್ತು. ಗಡಿಯಾರ ನಡುಗಿಸುತ್ತಿದ್ದ ಕಾಲು. ಮಗಳಿಗೆ ಮೆಲ್ಲ, ಮೆಲ್ಲ ಎಂದು ಕಲಿಸಿದವಳು ಕೋಲು ಕೆಳಗಿಟ್ಟು ತಾನೇ ತುಳಿಯುತ್ತಿದ್ದಳು. ತುಸು ಹೊತ್ತಿಗೆ ಚಿಕ್ಕ ಕಾಲೂ ಅದಕ್ಕೆ ಸೇರಿತು. ಕಾಕ ನನ್ನ ಮುಖ ನೋಡಿ, ಕೊಕ್ಕೆ ಮೂಲೆಗಿಟ್ಟು ಚಾಯಕ್ಕೆ ನೀರಿಟ್ಟರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಸಂಪಾಜೆಯಲ್ಲಿ ಗೆಜ್ಜೆಪೂಜೆ ಚೆನ್ನಾಗಿ ಆಯಿತು. ರಜೆ ಮುಗಿಸಿ ಅವರು ವಾಪಸು ಹೋದರು. ಪುನಃ ಅದೇ ಮನೆ, ಅದೇ ಅಜ್ಜಿ, ಅದೇ ಹಾಸಿಗೆ. ಹಿಡಿದದ್ದು ಮತ್ತೆ ಕೈಬಿಟ್ಟುಹೋಗುತ್ತದೆಂದು ನನಗೆ ಚಿಂತೆ ಹತ್ತಿತ್ತು.

ಭಾನುವಾರ ಫೋನು ತೆರೆದಾಗ ಹುಡುಗಿಯ ಹಿಂದೆ ಕಂಡದ್ದು ಅವರ ಮನೆಯಲ್ಲ. ಬಿಳಿ ಗೋಡೆ, ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿಗಳು. ಅಲ್ಲಿನ ಚರ್ಚಿನ ನೆಲಮಾಳಿಗೆಯಂತೆ. ಅಮ್ಮ ಹೋಗಿ ಕೇಳಿದ್ದಕ್ಕೆ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಂದು ಗಂಟೆ ಬಳಸಿಕೊಳ್ಳಿ ಎಂದರಂತೆ.

ಹುಡುಗಿ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ನಾನು ಅವಳ ಮ್ಯೂಟ್ ತೆಗೆಸಿದೆ.

'ಕೆಳಗೆ ಯಾರಿದ್ದಾರೆ ಮಗಾ?'

'ಭೂಮಿ ಮಾತ್ರ ಟೀಚರ್.'

ಕೋಲು ತಟ್ಟಿದೆ. ಅವಳ ಹೆಜ್ಜೆ ಎಂದಿನಂತೆ ತಡವಾಗಿ, ನನ್ನ ಕೋಲಿನ ಹಿಂದೆ ಹಿಂದೆ ಬಂತು. ತಾಳ ತಪ್ಪಿತು ಎಂದು ನಾನು ಹೇಳಲಿಲ್ಲ. ಕಣ್ಣು ಮುಚ್ಚಿ ಕೇಳುತ್ತ ಕೂತೆ.