ಊರು ಬಿಡದ ಹೆಣ್ಣನ್ನು ಹುಡುಕಿಕೊಂಡು

ಸಂಕ್ರಾಂತಿ ಮುಗಿದ ವಾರ. ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಅರ್ಧ ಚೀಲ ಆಗಿತ್ತು, ಅರ್ಧ ಉಳಿದಿತ್ತು. ಆಗ ಅಕ್ಕನ ಮಗಳು ಲೀಲಾಳ ಫೋನು ಬಂತು.

"ಮೌಶಿ, ನಾಳಿಗಿ ನನ್ನ ಜೋಡಿ ಉಮರ್ಗಾಕ ಬರ್ತೀಯೇನು? ಅಲ್ಲಿಂದ ನಿಲಂಗಾ, ಉದಗೀರ. ನಾ ಒಬ್ಬಾಕಿ ಹೋದ್ರ ಮಂದಿ ಪಡಸಾಲ್ಯಾಗ ಕುಂದರಿಸಿ ಚಹಾ ಕೊಟ್ಟು ಕಳಸ್ತಾರ. ಅಡಗಿಮನಿತನಾ ಯಾರೂ ಬಿಡಂಗಿಲ್ಲ."

ಲೀಲಾ ಊರೂರಿನ ಮಾತಿನ ಫರಕು ಅಭ್ಯಾಸ ಮಾಡುವವಳು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಉಳಿದ ಕನ್ನಡ ಮನೆತನಗಳಿಗೆ ಹೋಗಿ ಅವರ ಮಾತನ್ನು ಯಂತ್ರದಲ್ಲಿ ಮುದ್ರಿಸಿಕೊಂಡು, ಯಾವ ಊರಲ್ಲಿ ಯಾವುದಕ್ಕೆ ಏನನ್ನುತ್ತಾರೆ ಎಂದು ನಕಾಶೆಯಲ್ಲಿ ಗುರುತು ಹಾಕುತ್ತಾಳೆ. ನನ್ನ ತವರು ನಿಲಂಗಾ. ಕರೆಯದೆಯೇ ತವರು ಕಾಣುವ ಯೋಗ ಬಂತಲ್ಲ, ಶಿವನ ಕೃಪೆ ಅಂದುಕೊಂಡೆ. ಸೊಸೆ ಗಂಗಾ ವಿಜಯಪುರದ ಕಡೆಯ ಹುಡುಗಿ, ಈಚೆಗೆ ನಮ್ಮ ಮನೆಗೆ ಬಂದವಳು. "ಹೋಗಿ ಬರ್ರಿ ಅತ್ತಿ, ಮನಿ ನಾ ನೋಡ್ಕೋತೀನಿ" ಅಂದಳು. ಲಿಂಗಪೂಜೆಯ ಸಾಮಾನು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ.

ಆಳಂದದ ತನಕ ನಮ್ಮ ಬಸ್ಸು, ಹೆಂಗಸರಿಗೆ ಪುಕ್ಕಟೆ. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಹೊರಗೆ ತೊಗರಿ ಕೊಯ್ದ ಹೊಲಗಳು, ಹಿತವಾದ ಥಂಡಿ. ಹಾದಿಯಲ್ಲಿ ಲೀಲಾ ತನ್ನ ಚಿಂತೆ ಹೇಳಿದಳು. ಮಾತಾಡುವವರು ಆ ಊರಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಊರು ಬಿಡದೆ ವಯಸ್ಸಾದವರಾಗಿರಬೇಕು ಎಂದು ಅವಳ ಗುರುಗಳ ನಿಯಮ. ಗಂಡಸರು ಸಿಕ್ಕಿದ್ದಾರೆ. ಹೆಂಗಸು ಒಬ್ಬಳೂ ಸಿಕ್ಕಿಲ್ಲ. ಇದು ಅವಳ ಕೊನೆಯ ತಿರುಗಾಟ.

"ಈ ಸಲಾನೂ ಸಿಗಲಿಲ್ಲಂದ್ರ ಗಂಡಸರ ಮಾತೇ ಈ ಸೀಮಿ ಮಾತು ಅಂತ ಬರೀಬೇಕಾಗ್ತದ, ಮೌಶಿ. ಆದ್ರ ಕನ್ನಡ ಉಳಿಸ್ಕೊಂಡಾಕಿ ಹೆಂಗಸಲ್ಲ?"

ಉಮರ್ಗಾದಲ್ಲಿ ನಮ್ಮ ಬೀಗರ ಪೈಕಿ ಒಂದು ಒಕ್ಕಲುತನದ ಮನೆ. ಯಜಮಾನರು ಮರಾಠಿಯಲ್ಲೇ ಬರಮಾಡಿಕೊಂಡರು. ಬಂದ ಕಾರಣ ಕೇಳಿ ಹಿಗ್ಗಿದರು. "ಕನ್ನಡಾ? ನಮ್ಮ ಸೊಸಿ ಬಾಯಿಲೇ ಕೇಳ್ರಿ, ಭಾಳ ಛಂದ ಮಾತಾಡ್ತಾಳ! ನಮ್ದೇನು, ಬಜಾರದಾಗ ಮರಾಠಿ, ಮನ್ಯಾಗ ಹ್ಞೂಂ ಅನ್ನೋದು." ಸೊಸೆ ಬಸವಕಲ್ಯಾಣದವಳು. ಅತ್ತೆ ಅಕ್ಕಲಕೋಟೆಯವರು. ಎದುರು ಮನೆಯ ಮುದುಕಿ ಆಳಂದದಿಂದ ಬಂದವರು. ಆ ಊರಲ್ಲೇ ಹುಟ್ಟಿ ಅಲ್ಲೇ ಇದ್ದ ಹೆಣ್ಣೆಂದರೆ ಮದುವೆಯಾಗದ ಶಾಲೆಯ ಹುಡುಗಿಯರು. ಎಲ್ಲ ಮನೆಯಲ್ಲೂ ಉಣ್ಣಲು ಕೂರಿಸಿದರು. ಲೀಲಾ ತುತ್ತು ಹಿಡಿದುಕೊಂಡೇ ಕೂತಿದ್ದಳು.

ಸಂಜೆ ನಿಲಂಗಾದ ಬಸ್ಸು. ಮಹಾರಾಷ್ಟ್ರದಲ್ಲೂ ಹೆಂಗಸರಿಗೆ ಅರ್ಧ ಟಿಕೆಟ್ಟು, ಅದೂ ಒಂದು ಉಪಕಾರ. ತವರಿನ ಬಾಗಿಲಲ್ಲಿ ಅಣ್ಣ ನನ್ನ ಮಾತು ಕೇಳಿ ನಕ್ಕ. "ನೀ ಪಕ್ಕಾ ಕಲಬುರ್ಗಿಯಾಕಿ ಆಗಿಬಿಟ್ಟಿ ನೋಡು." ಕಲಬುರಗಿಯಲ್ಲಿ ನನ್ನನ್ನು ಇವತ್ತಿಗೂ ಮರಾಠಿ ಸೀಮೆಯವಳು ಅನ್ನುತ್ತಾರೆ. ನಾನೂ ನಕ್ಕೆ.

ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುತ್ತ ಲೀಲಾಳ ಕಷ್ಟ ಕೇಳಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು. "ಊರು ಬಿಡದಾಕಿ ಬೇಕಾ? ಉದಗೀರದಾಗ ನಮ್ಮ ದೂರದ ಬಳಗದಾಕಿ ಗುರುಬಾಯಿ ಇದ್ದಾಳ. ಅಣ್ಣತಮ್ಮರಿಲ್ಲ, ಹೊಲ ಬಿಡಂಗಿಲ್ಲ. ಅದಕ್ಕ ಅಪ್ಪ ಮನಿ ಅಳಿಯನ್ನ ತಂದ. ಉಮರ್ಗಾದ ಕಡಿ ಯೆಣೆಗೂರಂವಾ."

ಲೀಲಾ ಎದ್ದು ವೈನಿಯನ್ನು ಅಪ್ಪಿಕೊಂಡಳು. ಹಿಟ್ಟಿನ ಕೈ ಇಬ್ಬರಿಗೂ ಮೆತ್ತಿತು.

ಮರುದಿನ ಪೂಜೆ ಮುಗಿಸಿ, ಶಿರೂರ ಅನಂತಪಾಳದ ಮೇಲೆ ಹೋಗುವ ಬಸ್ಸು ಹಿಡಿದೆವು. ರಸ್ತೆ ಕೆಟ್ಟಿತ್ತು. ನಿಲ್ದಾಣದಲ್ಲಿ ಕೊಂಡ ಹಸಿ ಕಡಲೆ ಸುಲಿಯುತ್ತ ಉದಗೀರ ಮುಟ್ಟಿದೆವು.

ಗುರುಬಾಯಿ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದರು. ಕಟ್ಟೆಯ ಮೇಲೆ ಅವರ ಗಂಡ ಶರಣಪ್ಪನವರು ಹಗ್ಗ ಹೊಸೆಯುತ್ತಿದ್ದರು. ಲೀಲಾಳಿಗೆ ಸಂತೋಷ ತಡೆಯಲಿಲ್ಲ. "ಆಯಿ, ನೀವು ಈ ಮನಿ ಬಿಟ್ಟೇ ಇಲ್ಲಂತಲ್ರೀ! ಗಂಡನೇ ನಿಮ್ಮ ಮನಿಗಿ ಬಂದಾರಂತ! ನಿಮ್ಮಂಥಾಕಿನ್ನೇ ಹುಡಕಲತ್ತೀನ್ರೀ" ಅಂದುಬಿಟ್ಟಳು.

ಹಗ್ಗದ ಕೈ ನಿಂತಿತು. ಗುರುಬಾಯಿ ತಲೆ ಎತ್ತದೆ ಮರಾಠಿಯಲ್ಲಿ, ನಮಗೆ ಕನ್ನಡ ನೆಟ್ಟಗೆ ಬರುವುದಿಲ್ಲ, ಬೇರೆ ಮನೆ ನೋಡಿರಿ ಅಂದರು.

ಲೀಲಾಳ ಮುಖ ಬಿಳಿಚಿಕೊಂಡಿತು. ಮನೆ ಅಳಿಯ ಎಂಬುದು ಗಂಡಸಿನ ಎದುರು ಎತ್ತುವ ಮಾತಲ್ಲ. ಆ ಹುಡುಗಿಗೆ ಯಾರು ಹೇಳಿದ್ದರು? ಶಿವನನ್ನು ನೆನೆದು ನಾನು ಗುರುಬಾಯಿಯ ಪಕ್ಕ ಕೂತು ಸೊಪ್ಪಿಗೆ ಕೈ ಹಾಕಿದೆ. ಬಿಸಿಲಲ್ಲಿ ಬಂದವರನ್ನು ಏಳಿ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಇಬ್ಬರೂ ಸೇರಿ ಎರಡು ಕಟ್ಟು ಸೋಸಿದೆವು.

"ಪುಂಡಿ ಎಳೇದದ ರೀ" ಅಂದೆ.

"ಅಂಬಾಡಿ ಅಂತೇವವ್ವಾ ನಾವು" ಅಂದರು, ಕನ್ನಡದಲ್ಲೇ.

ಕಟ್ಟೆಯ ಮೇಲಿಂದ ದನಿ ಬಂತು. "ಪುಂಡಿನೇ ಅದು. ಯೆಣೆಗೂರಾಗ ಪುಂಡಿನೇ ಅಂತಾರ."

"ಯೆಣೆಗೂರಂದ್ರ ಹೈವೇದ ಮ್ಯಾಲಿನ ಊರು. ಧಾಬಾಕ್ಕ ಬಂದ ಲಾರಿಯವರು ಅಂದಂಗ ಅಂತೀರಿ ನೀವು."

"ಧಾಬಾ ಬರೋಕಿಂತ ಮೊದಲೇ ನಮ್ಮವ್ವ ಪುಂಡಿ ಅಂತಿದ್ಳು!"

ಒಪ್ಪಿಗೆ ಕೇಳದೆ ಯಂತ್ರ ಹಚ್ಚುವ ಮನಸ್ಸು ಲೀಲಾಳಿಗೆ ಆಗಲಿಲ್ಲ, ಅದು ಅವಳ ದೊಡ್ಡ ಗುಣ. ಎದ್ದು ಹೋಗಿ ಶರಣಪ್ಪನವರ ಕಾಲು ಮುಟ್ಟಿದಳು. "ತಪ್ಪಾತ್ರೀ ಅಜ್ಜಾ."

ಅವರು ಹಗ್ಗ ಕೆಳಗಿಟ್ಟರು. "ಯಾಕವ್ವಾ? ಎಲ್ಲಾ ಮನ್ಯಾಗ ಹೆಣ್ಮಕ್ಳು ಬಂದಾರ, ಈ ಮನ್ಯಾಗ ನಾ ಬಂದೀನಿ. ಮಂದಿ ನಗ್ತಾರ, ನಗಲಿ. ಹಚ್ಚು ನಿನ್ನ ಮಿಷನ್. ಆಕಿದೂ ತಗೋ, ನಂದೂ ತಗೋ. ಇಷ್ಟ ವರ್ಷಾತು, ನಿಮ್ಮೂರಾಗ ಇದಕ್ಕ ಏನಂತಾರ ಅಂತ ಈ ಮನ್ಯಾಗ ಒಬ್ಬರೂ ಕೇಳಿಲ್ಲ ನನಗ."

"ಕೇಳದೇ ದಿನಾ ಹೇಳ್ತೀರಲ್ಲಾ!" ಅಂದರು ಗುರುಬಾಯಿ. ನಾವೆಲ್ಲ ನಕ್ಕೆವು. ಆಮೇಲೆ ಸೊಪ್ಪಿನ ದಂಟು ಮುರಿಯುತ್ತ ಮೆಲ್ಲಗೆ, "ಖರೇ ಅದ. ಕೇಳಿಲ್ಲ" ಅಂದರು.

ಹೊತ್ತು ಇಳಿಯುವವರೆಗೆ ಗುರುಬಾಯಿ ಮಾತಾಡಿದರು. ಬೀಸುವುದು, ಬಿತ್ತುವುದು, ಬಾಣಂತನ, ಅಪ್ಪ ಸತ್ತ ದಿನ. ಆ ಅಂಗಳದಲ್ಲೇ ಹುಟ್ಟಿದ ಮಾತು, ಆ ಅಂಗಳ ಬಿಡದ ಮಾತು. ನಡುನಡುವೆ ಗಂಡ ತಿದ್ದುತ್ತಿದ್ದರು, ಹೆಂಡತಿ ಗದರುತ್ತಿದ್ದರು. ಉದಗೀರದ ಹೆಣ್ಣುದನಿ ಲೀಲಾಳಿಗೆ ಸಿಕ್ಕಿತ್ತು. ಹೊರಡುವಾಗ ಗುರುಬಾಯಿ ನಮಗೆ ವಿಭೂತಿ ಹಚ್ಚಿ, ಸೋಸಿದ ಸೊಪ್ಪಿನಲ್ಲಿ ಅರ್ಧ ಕಟ್ಟಿಕೊಟ್ಟರು. "ಪುಂಡಿ ಅಂತನೇ ತಿನ್ರಿ" ಎಂದು ಅಜ್ಜ ಬಾಗಿಲಿನಿಂದ ಕೂಗಿದರು.

ಬಸ್ಸಿನಲ್ಲಿ ಲೀಲಾ, "ಅಜ್ಜ ನಿಯಮದಾಗ ಕುಂದರಂಗಿಲ್ಲ ಮೌಶಿ" ಅಂದಳು.

"ನಾನೂ ಕುಂದರಂಗಿಲ್ಲವ್ವಾ."

ಅವಳು ನನ್ನ ಕಡೆ ತಿರುಗಿದಳು. "ಆದ್ರೂ ಅವರ ಮಾತು ಬಿಡಂಗಿಲ್ಲ ನಾ. ಬಂದವರದು ಅಂತ ಬ್ಯಾರೇನೇ ಬರೀತೀನಿ" ಅಂದು ಭುಜಕ್ಕೆ ಒರಗಿ ನಿದ್ದೆ ಹೋದಳು.

ಮನೆಗೆ ಬಂದಾಗ ಉಳಿದ ಅರ್ಧ ಚೀಲ ಹಾಗೇ ಇತ್ತು. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಮೊರ ಹಿಡಿದು ಕೂತೆ. ಗಂಗಾ ಇನ್ನೊಂದು ಮೊರ ತಂದು ಎದುರು ಕೂತಳು. ಅಡುಗೆಮನೆಯ ಬುಟ್ಟಿಯಲ್ಲಿ ಉದಗೀರದ ಸೊಪ್ಪು ಕಾಣುತ್ತಿತ್ತು.

"ಗಂಗವ್ವಾ, ನಿಮ್ಮೂರಾಗ ಅದಕ್ಕ ಏನಂತೀರಿ?"

ಅವಳ ಕೈ ನಿಂತಿತು. "ಯಾಕ್ರೀ ಅತ್ತಿ?"

"ಸುಮ್ನ. ಹೇಳು."

ಅವಳು ಹೇಳತೊಡಗಿದಳು. ಸೊಪ್ಪಿನಿಂದ ಅವರವ್ವನ ಕೈಯಡುಗೆಗೆ ಹೋದಳು, ಅಲ್ಲಿಂದ ಅವರೂರಿನ ಬಾವಿಗೆ. ನಾನು ಜೋಳದಲ್ಲಿ ಕಲ್ಲು ಆರಿಸುತ್ತ ಕೇಳಿದೆ.